ಎಳೆದೊಯ್ಯುವ ಕಾರವಾನಿಗೆ ಹೊಸ ಟಯರು: ಕಾರಿನದೋ, ಪಿಕಪ್ಪಿನದೋ?

ಎಂಜಿನ್ ಇಲ್ಲದ ಗಾಡಿಗೆ ಯಾವ ಟಯರಾದರೇನು, ಉರುಳಿದರೆ ಸಾಕು ಎಂಬ ಮಾತನ್ನು ಬದಿಯಡ್ಕ, ಕುಂಬಳೆ, ಕಾಸರಗೋಡಿನ ಟಯರು ಅಂಗಡಿಗಳಲ್ಲಿ ಹಲವರ ಬಾಯಿಂದ ಕೇಳಿದ್ದೇನೆ. ಗೊಬ್ಬರವನ್ನೋ ಅಡಿಕೆ ಗೋಣಿಗಳನ್ನೋ ಹೇರಿಕೊಂಡು ತೋಟದಿಂದ ಅಂಗಳದವರೆಗೆ ನಡಿಗೆಯ ವೇಗದಲ್ಲಿ ಬರುವ ಟ್ರೇಲರಿನ ಮಟ್ಟಿಗೆ ಆ ಮಾತು ತಪ್ಪಲ್ಲ. ಮಲಗುವ ಮಂಚ, ಅಡುಗೆಯ ಕಟ್ಟೆ, ನೀರಿನ ಟ್ಯಾಂಕು ಎಲ್ಲವೂ ಇರುವ ಕಾರವಾನನ್ನು ಬೊಲೆರೊದ ಹಿಂದೆ ಕಟ್ಟಿ, ಹೆದ್ದಾರಿಯಲ್ಲಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ತಾಸುಗಟ್ಟಲೆ ಓಡಿಸುವವರಿಗೆ ಮಾತ್ರ ಅದು ಹೊಂದುವುದಿಲ್ಲ. ಎಳೆಯುವ ವಾಹನದ ಟಯರಿನಲ್ಲಿ ದೋಷವಿದ್ದರೆ ಸ್ಟೇರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಟ್ರೇಲರಿನ ಟಯರು ಬಿಸಿಯಾಗಿ ಪಕ್ಕೆ ಬಿರಿಯುವ ತನಕವೂ ಚಾಲಕನಿಗೆ ಏನೂ ಗೊತ್ತಾಗದಿರಬಹುದು.

ನಮ್ಮದು ಒಂದೇ ಅಚ್ಚಿನ, ಎರಡು ಚಕ್ರಗಳ ಕಾರವಾನು. ಕೊಚ್ಚಿಯವರೊಬ್ಬರಿಂದ ಭಾವ ಮತ್ತು ನಾನು ಸೇರಿ ಕೊಂಡದ್ದು. ಅದರ ಅಚ್ಚು ಮತ್ತು ಚಕ್ರಗಳು ವಿದೇಶದಿಂದ ಬಂದವಾದ್ದರಿಂದ, ಟಯರುಗಳೂ ಟ್ರೇಲರಿಗೆಂದೇ ತಯಾರಾದ ಎಸ್‌ಟಿ ಜಾತಿಯವಾಗಿದ್ದವು; ಅಳತೆ ಎಸ್‌ಟಿ 205/75 ಆರ್14 (ಅಗಲ 205 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡ 75, ರಿಮ್ಮು 14 ಇಂಚು). ಗೆರೆಗಳು ಸಾಕಷ್ಟು ಆಳವಿದ್ದುದರಿಂದ ನೋಡುವವರಿಗೆ ಇನ್ನೂ ಹೊಸದರಂತೆ ಕಾಣುತ್ತಿದ್ದವು. ಪಕ್ಕೆಯ ಮೇಲಿನ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು 2815 ಎಂದಿದ್ದವು, ಅಂದರೆ 2015ರ 28ನೇ ವಾರ. ಟ್ರೇಲರಿನ ಟಯರು ಸವೆದು ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಒಣಗಿಸಿ ಪಕ್ಕೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳನ್ನು ಮೂಡಿಸುತ್ತವೆ. ಆ ಬಿರುಕುಗಳು ನಮ್ಮ ಎರಡೂ ಟಯರುಗಳಲ್ಲಿದ್ದವು. ಐದಾರು ವರ್ಷ ಕಳೆದ ಮೇಲೆ ಗೆರೆ ಎಷ್ಟೇ ಉಳಿದಿದ್ದರೂ ಬದಲಿಸುವುದು ಕಾರವಾನು ಬಳಸುವವರಲ್ಲಿ ರೂಢಿ.

ಅದೇ ಜಾತಿಯ ಟಯರನ್ನು ಮತ್ತೆ ಹಾಕಿಸುವುದು ಮೊದಲ ಯೋಚನೆಯಾಗಿತ್ತು. ಭಾರತದಲ್ಲಿ ವಾಹನಗಳ ಟಯರುಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತನ್ನು ಕಡ್ಡಾಯಗೊಳಿಸಿದ ಆದೇಶ 2009ರದ್ದು. 2020ರ ಜೂನ್‌ನಲ್ಲಿ ಹೊಸ ಟಯರುಗಳ ಆಮದಿನ ಮೇಲೂ ನಿರ್ಬಂಧ ಬಂತು. ಹೀಗಾಗಿ ಎಸ್‌ಟಿ ಟಯರನ್ನು ಇಲ್ಲಿಯ ಅಂಗಡಿಯಲ್ಲಿ ಕೇಳಿದರೆ, ಅದು ಯಾವ ವಾಹನದ್ದೆಂದು ಅವರು ನಮ್ಮನ್ನೇ ಕೇಳುತ್ತಾರೆ. ಗಲ್ಫಿನಲ್ಲಿರುವ ನೆಂಟರ ಮೂಲಕ ತರಿಸಬಹುದೆಂದು ಸೂಚಿಸಿದವರೂ ಇದ್ದರು. ದಾರಿಯಲ್ಲಿ ಒಂದು ಒಡೆದರೆ ಅದರ ಜೋಡಿ ಸುಳ್ಯದಲ್ಲೋ ಮಡಿಕೇರಿಯಲ್ಲೋ ಸಿಗದಂಥ ಟಯರನ್ನು ಕಟ್ಟಿಕೊಂಡು ಹೊರಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ರಬ್ಬರು ನಮ್ಮ ಗುಡ್ಡೆಯಲ್ಲೇ ಬೆಳೆಯುತ್ತದೆ, ಟಯರಿಗೆ ಮಾತ್ರ ದುಬಾಯಿಯ ಕಡೆ ನೋಡುವುದು ಚೋದ್ಯವೇ ಸರಿ.

ಉಳಿದದ್ದು ಮೂರು ಆಯ್ಕೆಗಳು: ಕಾರಿನ ರೇಡಿಯಲ್ ಟಯರು, 185/70 ಆರ್14; ಪಿಕಪ್ಪಿನಂಥ ಸಣ್ಣ ಸರಕು ವಾಹನಗಳ ರೇಡಿಯಲ್ ಟಯರು, 185 ಆರ್14 ಎಲ್‌ಟಿ, ಉದ್ದ ಗೆರೆಗಳದ್ದು; ಅದೇ ಅಳತೆಯಲ್ಲಿ ಅಡ್ಡ ಕಟ್ಟುಗಳಿರುವ ಲಗ್ ಮಾದರಿಯದ್ದು. ಮೂರೂ ನಮ್ಮ ಐದೂವರೆ ಇಂಚು ಅಗಲದ ರಿಮ್ಮಿಗೆ ಕೂರುತ್ತವೆ. ಪರಿಚಯದ ಅಂಗಡಿಯವರು ಕಾರಿನ ಜೋಡಿಯನ್ನು ಹೊಂದದಿದ್ದರೆ ಕಡಿಮೆ ಬೆಲೆಗೆ ಹಿಂದಕ್ಕೆ ಪಡೆಯಲು ಒಪ್ಪಿದರು; ಲಗ್ ಜೋಡಿ ಭಾವನ ಗೆಳೆಯರೊಬ್ಬರ ಪಿಕಪ್ಪಿಗೆಂದು ತಂದಿಟ್ಟದ್ದು, ಸ್ವಲ್ಪ ದಿನಕ್ಕೆ ನಮಗೆ ಎರವಲು ಸಿಕ್ಕಿತು.

ಹೋಲಿಕೆಗೆ ಮುಂಚೆ ತೂಕ ಗೊತ್ತಿರಬೇಕು, ಮತ್ತು ಇಲ್ಲಿಯೇ ಹೆಚ್ಚಿನವರು ಅಂದಾಜಿನ ಮೇಲೆ ನಡೆಯುತ್ತಾರೆ. ನೀರು, ಗ್ಯಾಸ್ ಸಿಲಿಂಡರು, ಪಾತ್ರೆ, ಹಾಸಿಗೆ ಎಲ್ಲವನ್ನೂ ತುಂಬಿಸಿ ವೇ ಬ್ರಿಡ್ಜಿಗೆ ಒಯ್ದಾಗ ಒಟ್ಟು ತೂಕ 1,020 ಕಿಲೋ ಬಂತು. ಅದರಲ್ಲಿ ಕೊಕ್ಕೆಯ ಮೂಲಕ ಬೊಲೆರೊದ ಮೇಲೆ ಬೀಳುವುದು 105 ಕಿಲೋ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಕ್ಕೆಯ ಮೇಲಿದ್ದರೆ ಟ್ರೇಲರು ಓಲಾಡುವುದಿಲ್ಲವೆಂಬ ನಿಯಮಕ್ಕೆ ಇದು ಸರಿಹೊಂದುತ್ತದೆ. ಉಳಿದ 915 ಕಿಲೋವನ್ನು ಎರಡರಿಂದ ಭಾಗಿಸಿ ಸುಮ್ಮನಾಗಬಾರದು. ಒಂದು ಚಕ್ರ ಮಾತ್ರ ತಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿದಾಗ ಎಡಕ್ಕೆ 495, ಬಲಕ್ಕೆ 420 ಎಂದು ತಿಳಿಯಿತು, ಏಕೆಂದರೆ ಅಡುಗೆಯ ಕಟ್ಟೆಯೂ ನೀರಿನ ಟ್ಯಾಂಕೂ ಎಡಬದಿಯಲ್ಲಿವೆ. ಟಯರನ್ನು ಆರಿಸಬೇಕಾದದ್ದು ಆ 495ಕ್ಕೆ.

ಕಾರಿನ 185/70 ಆರ್14ರ ಪಕ್ಕೆಯಲ್ಲಿ 88ಟಿ ಎಂದಿರುತ್ತದೆ. 88 ಎಂಬ ಭಾರಸೂಚಿಗೆ 560 ಕಿಲೋ, ಟಿ ಎಂಬ ಅಕ್ಷರಕ್ಕೆ ಗಂಟೆಗೆ 190 ಕಿ.ಮೀ. ವೇಗ. ಕಾರಿಗೆ ಅದು ಧಾರಾಳ. ಕಾರಿನ ಟಯರನ್ನು ಟ್ರೇಲರಿಗೆ ಹಾಕುವಾಗ ಭಾರದ ಮಿತಿಯನ್ನು 1.10ರಿಂದ ಭಾಗಿಸಬೇಕೆಂಬುದು ಅಮೆರಿಕದ ಟಯರು ಮಾನದಂಡ. ಹಾಗೆ ಮಾಡಿದರೆ 509 ಕಿಲೋ ಉಳಿಯುತ್ತದೆ. ಕಾಗದದ ಮೇಲೆ ನಮ್ಮ ಎಡಚಕ್ರ ಪಾಸಾಯಿತು, ಹದಿನಾಲ್ಕು ಕಿಲೋ ಅಂತರದಲ್ಲಿ. ದಾರಿಯಲ್ಲಿ ಒಂದು ಬಾಳೆಗೊನೆ ಕೊಂಡು ಎಡಬದಿಗಿಟ್ಟರೆ ಆ ಅಂತರವೂ ಮುಗಿಯಿತು.

ಓಡಿಸಿ ನೋಡಿದಾಗ ಕಾರಿನ ಟಯರು ಮೊದಲಿಗೆ ಮನಸ್ಸನ್ನು ಗೆದ್ದಿತೆಂದು ಒಪ್ಪಬೇಕು. ಗಾಳಿ 36 ಪಿಎಸ್‌ಐ ಮಾತ್ರವಾದ್ದರಿಂದ ಹಂಪುಗಳನ್ನು ಮೆತ್ತಗೆ ಹಾಯುತ್ತಿತ್ತು, ಒಳಗಿನ ಕಪಾಟಿನ ಪಾತ್ರೆಗಳು ಸದ್ದು ಮಾಡಲಿಲ್ಲ. ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಮಳೆಯಲ್ಲಿ ಘಾಟಿ ಇಳಿಯುವಾಗ, ಬೊಲೆರೊ ವೇಗ ತಗ್ಗಿಸಿದೊಡನೆ ಕೊಕ್ಕೆಯ ತಳ್ಳುವಿಕೆಯಿಂದಲೇ ಹಿಡಿಯುವ ಟ್ರೇಲರಿನ ಬ್ರೇಕು ಒಮ್ಮೆಯೂ ಚಕ್ರವನ್ನು ಜಾರಿಸಲಿಲ್ಲ. ಒದ್ದೆ ರಸ್ತೆಯ ಹಿಡಿತದಲ್ಲಿ ಉಳಿದೆರಡೂ ಇದಕ್ಕೆ ಸಮವಲ್ಲ.

ಇದರ ದೌರ್ಬಲ್ಯ ತಿಳಿದದ್ದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥವಾದ ಮೇಲೆ ಅಲ್ಲಿ ನಿಲ್ಲದೆ ಒಂದೇ ವೇಗದಲ್ಲಿ ಓಡಿಸಬಹುದಾದ್ದರಿಂದ ಟಯರಿನ ಬಿಸಿಯನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮಲ್ಲಿ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ 70ರ ವೇಗದಲ್ಲಿ ಆ ದೂರ ಕ್ರಮಿಸಿ ನಿಂತಾಗ ಎಡ ಟಯರಿನ ಗಾಳಿ 36ರಿಂದ 41ಕ್ಕೇರಿತ್ತು, ಬಲದ್ದು 39ರಲ್ಲಿತ್ತು. ಪಕ್ಕೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿಯಲಾಗದಷ್ಟು ಬಿಸಿ. ಮಿತಿಯ ಅಂಚಿನಲ್ಲಿ ಭಾರ ಹೊತ್ತ ಟಯರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೇರವಾಗುತ್ತದೆ, ಆ ಬಾಗುವಿಕೆಯೇ ಬಿಸಿಯಾಗುತ್ತದೆ. ಅದೇ ಮೆತ್ತನೆಯ ಪಕ್ಕೆಯಿಂದ ಇನ್ನೊಂದು ತೊಂದರೆಯೂ ಇತ್ತು: ದೊಡ್ಡ ಬಸ್ಸು ಪಕ್ಕದಲ್ಲಿ ರಭಸದಿಂದ ಹಾದಾಗ ಕಾರವಾನಿನ ಹಿಂಭಾಗ ಒಂದೆರಡು ಸಲ ಅತ್ತಿತ್ತ ವಾಲಿ ಆಮೇಲೆ ಸುಮ್ಮನಾಗುತ್ತಿತ್ತು. ತೂಕ, ಕೊಕ್ಕೆ ಯಾವುದೂ ಬದಲಾಗಿರಲಿಲ್ಲ. ಹಳೆಯ ಎಸ್‌ಟಿಯಲ್ಲಿ ಆ ಓಲಾಟ ಇರಲಿಲ್ಲ. ಎಸ್‌ಟಿ ಟಯರಿನ ಪಕ್ಕೆಯನ್ನು ಬಿಗಿಯಾಗಿ ಕಟ್ಟುವುದು ಇದನ್ನು ತಡೆಯುವುದಕ್ಕೇ. ಅದಲ್ಲದೆ ಹಳೆಯ ಟಯರಿನ ವ್ಯಾಸ ಸುಮಾರು 663 ಮಿ.ಮೀ., ಕಾರಿನದ್ದು 615. ಗಾಡಿ ಒಂದು ಇಂಚಿನಷ್ಟು ತಗ್ಗಿತು, ನಮ್ಮ ಮನೆಯ ದಾರಿಯ ಮುರಕಲ್ಲಿನ ಏರಿನಲ್ಲಿ ಹಿಂದಿನ ಮೆಟ್ಟಿಲು ನೆಲಕ್ಕೆ ತಾಗತೊಡಗಿತು.

ಎಲ್‌ಟಿ ಟಯರಿನ ಲೆಕ್ಕವೇ ಬೇರೆ. 185 ಆರ್14ರ ಪಕ್ಕೆಯಲ್ಲಿ 102/100 ಎಂದೂ 8ಪಿಆರ್ ಎಂದೂ ಬರೆದಿರುತ್ತದೆ. ಒಂಟಿ ಚಕ್ರಕ್ಕೆ 102, ಅಂದರೆ 850 ಕಿಲೋ. ಒಂದೇ ಬದಿಯಲ್ಲಿ ಎರಡು ಚಕ್ರಗಳನ್ನು ಜೋಡಿಸಿದಲ್ಲಿ 100, ಅಂದರೆ ಒಂದೊಂದಕ್ಕೆ 800. ಎಂಟು ಪದರ ಎಂಬುದು ಬಲದ ದರ್ಜೆಯೇ ಹೊರತು, ರೇಡಿಯಲ್ ಟಯರಿನೊಳಗೆ ನಿಜವಾಗಿ ಎಂಟು ಪದರಗಳಿರುವುದಿಲ್ಲ. ವ್ಯಾಸ 650 ಮಿ.ಮೀ. ಆದ್ದರಿಂದ ಹಳೆಯದಕ್ಕಿಂತ ಗಾಡಿ ಆರೇಳು ಮಿ.ಮೀ. ಮಾತ್ರ ತಗ್ಗುತ್ತದೆ; ಅದು ಲೆಕ್ಕಕ್ಕಿಲ್ಲ.

ಆ 850 ಕಿಲೋ ಸಿಗುವುದು 65 ಪಿಎಸ್‌ಐ ಗಾಳಿಯಲ್ಲಿ. ಪಕ್ಕೆಯ ಮೇಲೆ ಬರೆದಷ್ಟೂ ಗಾಳಿ ತುಂಬಿಸಬೇಕೆಂದು ಅಂಗಡಿಯ ಹುಡುಗನೂ, ಕಾರವಾನು ಇರುವ ಕೆಲವು ಗೆಳೆಯರೂ ಹೇಳಿದ್ದರಿಂದ ಮೊದಲು ಹಾಗೆಯೇ ಓಡಿಸಿದೆವು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಮುಳ್ಳೇರಿಯ, ಆದೂರು ದಾಟುವಷ್ಟರಲ್ಲಿ ಕಪಾಟಿನ ಬಾಗಿಲು ತೆರೆದುಕೊಂಡು ಸ್ಟೀಲ್ ಡಬ್ಬಗಳು ನೆಲದಲ್ಲಿ ಉರುಳುತ್ತಿದ್ದವು. 495 ಕಿಲೋ ಹೊರುವ ಟಯರಿಗೆ 850ರ ಗಾಳಿ ತುಂಬಿದರೆ ಅದು ಪುಟಿಯದೆ ಇನ್ನೇನು ಮಾಡುತ್ತದೆ? ನಡುವಿನ ಗೆರೆ ಮಾತ್ರ ನೆಲಕ್ಕೆ ತಾಗುವುದನ್ನು ನೋಡಲು ಭಾವ ಟಯರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ಓಡಿಸಿದ. ನಡುವೆ ಅಳಿಸಿಹೋಗಿ ಎರಡೂ ಅಂಚಿನಲ್ಲಿ ಸುಣ್ಣ ಉಳಿದಿತ್ತು. ಗಾಳಿಯನ್ನು ಹಂತಹಂತವಾಗಿ ಇಳಿಸುತ್ತ ಬಂದು 45ಕ್ಕೆ ನಿಲ್ಲಿಸಿದಾಗ ಗೆರೆ ಅಗಲಕ್ಕೂ ಸಮನಾಗಿ ಅಳಿಯಿತು. ಆ ಗಾಳಿಯಲ್ಲಿ ಈ ಟಯರು 600 ಕಿಲೋ ಆಸುಪಾಸು ಹೊರಬಲ್ಲದು, ಹಾಗಾಗಿ ಭಾರಕ್ಕೆ ನೂರು ಕಿಲೋದಷ್ಟು ಅಂತರ ಉಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಸಲು ನಾನು ಒಪ್ಪಲಿಲ್ಲ. ಮೆತ್ತಗಿನ ಓಟದ ಆಸೆಗೆ ಪಕ್ಕೆ ಬಾಗಿಸಿದರೆ ಕಾರಿನ ಟಯರಿನ ಕಥೆಯೇ ಮರುಕಳಿಸುತ್ತದೆ.

45 ಪಿಎಸ್‌ಐ ಇಟ್ಟು ಅದೇ ತಲಪಾಡಿ–ಚೆಂಗಳ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿದಾಗ ಎಡದ್ದು 49ಕ್ಕೆ ನಿಂತಿತು. ಶೇಕಡಾವಾರು ನೋಡಿದರೆ ಏರಿಕೆ ಕಾರಿನ ಟಯರಿಗಿಂತ ಸ್ಪಷ್ಟವಾಗಿ ಕಡಿಮೆ, ಅಂಗೈ ಇಟ್ಟರೆ ಬೆಚ್ಚಗೆ ಮಾತ್ರ. ಬಸ್ಸುಗಳು ಹಾದಾಗ ಕಾರವಾನು ಕದಲಲಿಲ್ಲ. ಒದ್ದೆ ಘಾಟಿಯಲ್ಲಿ ಗಟ್ಟಿ ರಬ್ಬರಿನ ಈ ಟಯರು ತಿರುವಿನ ಮುಂಚೆ ಬ್ರೇಕು ಹಿಡಿದಾಗ ಒಮ್ಮೊಮ್ಮೆ ಅರೆಕ್ಷಣ ಜಾರಿದ್ದುಂಟು, ಆದ್ದರಿಂದ ಮಡಿಕೇರಿ ಇಳಿಜಾರಿನಲ್ಲಿ ಗೇರಿನ ಮೇಲೆಯೇ ವೇಗವನ್ನು ಹಿಡಿದಿಟ್ಟುಕೊಳ್ಳುವುದು ಲೇಸು.

ಲಗ್ ಟಯರಿನ ವಿಷಯ ಬೇಗ ಮುಗಿಯುತ್ತದೆ. ಮಳೆಗಾಲದ ಕೆಸರಿಗೆ ಅದು ಬೇಕೇ ಬೇಕೆಂದು ಅದರ ಒಡೆಯರು ಹೇಳಿದ್ದರು, ಅವರ ಪಿಕಪ್ಪಿಗೆ ಅದು ನಿಜ. ನಮ್ಮ ಚಕ್ರಗಳಿಗೆ ಎಂಜಿನ್ನಿನ ಬಲ ಬರುವುದಿಲ್ಲ. ಕೆಸರನ್ನು ಕಚ್ಚಿ ಮುಂದಕ್ಕೆ ತಳ್ಳುವ ಕೆಲಸ ಬೊಲೆರೊದ್ದು. ಓರೆಯಾದ ದಾರಿಯಲ್ಲಿ ಗಾಡಿ ಪಕ್ಕಕ್ಕೆ ಜಾರುವುದು ಸ್ವಲ್ಪ ಕಡಿಮೆಯಾದದ್ದೊಂದು ಲಾಭ. ಬದಲಿಗೆ ಹೆದ್ದಾರಿಯಲ್ಲಿ ನಿಲ್ಲದ ಗುಂಯ್ಗುಡುವ ಸದ್ದು, ಕಟ್ಟುಗಳ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿ ಕಲ್ಲುಗಳು ಚಕ್ರದ ಮೇಲಿನ ತಗಡಿಗೆ ಬಡಿಯುವ ಟಕಟಕ. ಜೋಡಿಯನ್ನು ತೊಳೆದು ಒಡೆಯರಿಗೆ ಒಪ್ಪಿಸಿದೆವು.

ಬೆಲೆಯಲ್ಲಿ ಕಾರಿನ ಜೋಡಿಗಿಂತ ಎಲ್‌ಟಿ ಜೋಡಿಗೆ ನಮಗೆ ಎರಡು ಸಾವಿರ ರೂಪಾಯಿಗೂ ಮೇಲೆ ಹೆಚ್ಚಾಯಿತು, ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಿಸಬೇಕಾದ್ದರಿಂದ ಮೂರರ ಖರ್ಚು. ಬೊಲೆರೊದ ಸ್ಟೆಪ್ನಿ 15 ಇಂಚಿನದು, ಟ್ರೇಲರಿಗೆ ಆಗದು. ರಬ್ಬರಿನ ಮಾಮೂಲು ವಾಲ್ವಿನ ಮಿತಿ 65 ಪಿಎಸ್‌ಐ ಮಾತ್ರ. ಬಿಸಿಯೇರಿದಾಗ ಗಾಳಿ ಇನ್ನೂ ಏರುವುದರಿಂದ ಎಲ್‌ಟಿ ಹಾಕಿಸುವವರು ಲೋಹದ ವಾಲ್ವನ್ನೇ ಹಾಕಿಸಬೇಕು. ಅದಕ್ಕೆ ತಗಲುವುದು ಚಿಲ್ಲರೆ ಹಣ. ರಿಮ್ಮಿನ ಮೇಲೆ ಭಾರದ ಮಿತಿ ಕೆತ್ತಿದ್ದರೆ ಅದನ್ನೂ ಓದಿಕೊಳ್ಳಬೇಕು, ಟಯರು 850 ಕಿಲೋ ಹೊತ್ತರೂ ರಿಮ್ಮು ಹೊರದಿದ್ದರೆ ಪ್ರಯೋಜನವಿಲ್ಲ.

ಈಗ ನಮ್ಮ ಕಾರವಾನಿನಲ್ಲಿರುವುದು ಉದ್ದ ಗೆರೆಯ ಎಲ್‌ಟಿ. ಒಟ್ಟು ತೂಕ 700 ಕಿಲೋ ದಾಟದ, ಒಬ್ಬರು ಮಲಗುವಷ್ಟೇ ಜಾಗವಿರುವ ಸಣ್ಣ ಕಾರವಾನು ಇರುವವರಿಗಾದರೆ ನಾನು ಕಾರಿನ ಟಯರನ್ನೇ ಹೇಳುತ್ತೇನೆ. ಅಲ್ಲಿ ಭಾರದ ಅಂತರ ಸಾಕಷ್ಟಿರುತ್ತದೆ, ಮಳೆಯ ಹಿಡಿತವೂ ಸಿಗುತ್ತದೆ. ಕೊಳ್ಳುವ ದಿನ ಸ್ಟೆಪ್ನಿಯೂ ಸೇರಿ ಮೂರೂ ಟಯರುಗಳ ತಯಾರಿಕೆಯ ನಾಲ್ಕಂಕಿಯನ್ನು ಅಂಗಡಿಯಲ್ಲೇ ಓದಿ ನೋಡಿ. ನಮಗೆ ಮೊದಲು ತೋರಿಸಿದ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಎರಡು ವರ್ಷ ಹಳೆಯದಿತ್ತು, ಕೇಳಿದ ಮೇಲೆ ಒಳಗಿನಿಂದ ಬೇರೆ ತಂದರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿ ಶೀಟಿನ ಮಾಡಿನಡಿ ನಿಂತೇ ಇರುವುದರಿಂದ ಅಚ್ಚಿನ ಕೆಳಗೆ ಮುರಕಲ್ಲು ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿ, ಬದಿಯಿಂದ ಬಿಸಿಲು ಬೀಳದಂತೆ ಅಡಿಕೆ ಸೋಗೆ ಕಟ್ಟುತ್ತೇವೆ.