ಫಿಷರ್ ಆಪರೇಷನ್‌ಗೆ ಅಂತ ಹೋಗಿ ಬೊಟಾಕ್ಸ್ ಹಾಕಿಸಿಕೊಂಡು ಬಂದೆ: ದಾವಣಗೆರೆಯ ಒಬ್ಬ ಸರ್ಜನ್ ಬಗ್ಗೆ

ಐದಕ್ಕೆ ನಾಲ್ಕು ಸ್ಟಾರ್. ಡಾಕ್ಟರಿಗೆ ಐದೂ ಕೊಡಬಹುದು. ಕಳೆದ ಒಂದು ಸ್ಟಾರ್ ವಾರ್ಡಿನ ಟಾಯ್ಲೆಟ್‌ಗೆ. ಮೂಲವ್ಯಾಧಿ, ಫಿಷರ್ (ಗುದದ್ವಾರದಲ್ಲಿ ಬಿರುಕು) ಇರುವವರೇ ತುಂಬಿರುವ ಕಡೆ ಹಿಡಿದು ಏಳೋಕೆ ಒಂದು ಸರಳೂ ಇಲ್ಲದ ಇಂಡಿಯನ್ ಟಾಯ್ಲೆಟ್ ಇಟ್ಟವರಿಗೆ ಏನನ್ನಬೇಕು?

ನಾನು ಹೈಸ್ಕೂಲ್ ಟೀಚರ್. ಬೆಳಿಗ್ಗೆ ಒಮ್ಮೆ ಹೋಗಿ ಬಂದರೆ ಮೂರನೇ ಪೀರಿಯಡ್ ತನಕ ಗಾಜಿನ ಚೂರು ಕೊರೆದಂತೆ ನೋವು. ಕೂರೋಕಾಗದೆ ನೋಟ್ಸ್ ಎಲ್ಲ ನಿಂತೇ ತಿದ್ದುತ್ತಿದ್ದೆ. ಮಿರ್ಚಿ-ಮಂಡಕ್ಕಿ ಬಿಟ್ಟೆ, ಇಸಬ್‌ಗೋಲ್ ಹಿಡಿದೆ, ಟಬ್ಬಿಗೆ ಬಿಸಿನೀರು ತುಂಬಿ ಕೂತೆ. ನೈಟ್ರೋಗ್ಲಿಸರಿನ್ ಮುಲಾಮು ಹಚ್ಚಿದರೆ ತಲೆ ಸಿಡಿತ. ಡಿಲ್ಟಿಯಾಜೆಮ್ ಮುಲಾಮಿಗೆ ಸ್ವಲ್ಪ ಗುಣ, ಬಿಟ್ಟರೆ ಮತ್ತೆ ರಕ್ತ.

ಇದಕ್ಕೂ ಮುಂಚೆ ಹೋಗಿದ್ದ ಒಂದು ಕ್ಲಿನಿಕ್‌ನಲ್ಲಿ (ಹೆಸರು ಬೇಡ) ಡಾಕ್ಟರಿಗಿಂತ ಮೊದಲು ಸಿಕ್ಕಿದ್ದು ಪ್ಯಾಕೇಜ್ ರೇಟು. "ಲೇಸರ್ ಮೇಡಂ, ಕೊಯ್ಯೋದೇ ಇಲ್ಲ, ಸಂಜೆಗೆ ಮನೆ." ಲೇಸರ್ ಏನು ಮಾಡುತ್ತೆ ಅಂದರೆ ಉತ್ತರವಿಲ್ಲ. ಸ್ನಾಯುವನ್ನು ಬ್ಲೇಡಿನಲ್ಲಿ ಕತ್ತರಿಸಿದರೂ ಲೇಸರಿನಲ್ಲಿ ಕತ್ತರಿಸಿದರೂ ಕತ್ತರಿಸಿದ್ದೇ ಅಂತ ಬಿಡಿಸಿ ಹೇಳಿದವರು ಈ ಸರ್ಜನ್.

ಇವರು ನಮ್ಮೆಜಮಾನರನ್ನು ಹೊರಗೆ ಕಳಿಸಿ, ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲು ಕೇಳಿದ್ದು: "ಹೆರಿಗೆ ಎಷ್ಟಮ್ಮ? ನಾರ್ಮಲ್ಲಾ? ಹರಿದು ಹೊಲಿಗೆ ಹಾಕಿದ್ರಾ? ಕೆಮ್ಮಿದಾಗ ಗ್ಯಾಸ್ ಜಾರುತ್ತಾ?" ಎರಡನೇ ಹೆರಿಗೆಯಲ್ಲಿ ಹಿಂದಿನವರೆಗೂ ಹರಿದಿತ್ತು. ಗ್ಯಾಸ್ ವಿಷಯ ಆವತ್ತಿನವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಚೀಟಿಯ ಹಿಂದೆ ಗುದದ್ವಾರದ ಸುತ್ತಲಿನ ಸ್ನಾಯುಗಳು ಅಂತ ಎರಡು ಉಂಗುರ ಬರೆದರು. ಹೊರಗಿನದು ನಾವು ಬೇಕೆಂದಾಗ ಬಿಗಿಹಿಡಿಯುವ ಸ್ನಾಯು. ಒಳಗಿನದು ನಮ್ಮ ಮಾತು ಕೇಳಲ್ಲ, ನಿದ್ದೆಯಲ್ಲೂ ಬಾಗಿಲು ಮುಚ್ಚಿಡುವುದು ಹೆಚ್ಚಾಗಿ ಅದೇ. ಫಿಷರ್ ಆದಾಗ ಇದು ಸೆಟೆದುಕೊಂಡು ಬಿರುಕಿಗೆ ರಕ್ತ ಸರಿಯಾಗಿ ಹರಿಯಲ್ಲ, ಅದಕ್ಕೇ ಗಾಯ ಕೂಡಲ್ಲ. ಎಲ್‌ಐಎಸ್ ಆಪರೇಷನ್ ಅಂದರೆ ಈ ಒಳಸ್ನಾಯುವಿನ ಕೆಳಭಾಗವನ್ನು ಪಕ್ಕದಿಂದ ಸ್ವಲ್ಪ ಕತ್ತರಿಸಿ ಬಿಗಿ ಸಡಿಲಿಸುವುದು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ವಾಸಿ. ಲಾರಿ ಓಡಿಸುವ ನನ್ನ ಮೈದುನನಿಗೆ ಇವರೇ ಮಾಡಿದ್ದು, ಅವನು ಆರಾಮಾಗಿದ್ದಾನೆ.

ಆದರೆ ಕತ್ತರಿಸಿದ್ದನ್ನು ವಾಪಸ್ ಅಂಟಿಸೋಕೆ ಬರಲ್ಲ. ಹಲವು ಅಧ್ಯಯನ ಕೂಡಿಸಿ ನೋಡಿದ 2013ರ ಒಂದು ವರದಿಯ ಲೆಕ್ಕ ತೋರಿಸಿದರು: ಎಲ್‌ಐಎಸ್ ಆಗಿ ವರ್ಷಗಳ ನಂತರ ನೂರರಲ್ಲಿ ಸುಮಾರು 14 ಜನರಿಗೆ ತಡೆದುಕೊಳ್ಳುವುದರಲ್ಲಿ ಏನೋ ಒಂದು ಏರುಪೇರು. ಹೆಚ್ಚಿನದು ಗ್ಯಾಸ್, ಆಮೇಲೆ ಬಟ್ಟೆಗೆ ಕಲೆ. ಗಟ್ಟಿ ಮಲವೇ ಜಾರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. "ಮೈದುನಂಗೆ ಇದು ಸಣ್ಣ ರಿಸ್ಕ್. ನಿಮಗೆ ಹೊರಗಿನ ಉಂಗುರ ಮೊದಲೇ ಏಟು ತಿಂದಿದೆ, ನಾನು ಒಳಗಿಂದು ಕತ್ತರಿಸಲ್ಲ." ಆಪರೇಷನ್ ಮಾಡಿದರೆ ಅವರಿಗೆ ಬಿಲ್ ಆಗುತ್ತಿತ್ತು, ನೆನಪಿರಲಿ.

ಉಳಿದದ್ದು ಎರಡು. ಪಕ್ಕದ ಚರ್ಮ ಸರಿಸಿ ಬಿರುಕು ಮುಚ್ಚುವ ಫ್ಲ್ಯಾಪ್, ಇದರಲ್ಲಿ ಸ್ನಾಯು ಮುಟ್ಟಲ್ಲ. ಇಲ್ಲವೇ ಒಳಸ್ನಾಯುವಿಗೆ ಬೊಟಾಕ್ಸ್, ಅಂದರೆ ಸ್ನಾಯುವನ್ನು ಕೆಲಕಾಲ ಸಡಿಲಿಸುವ ಇಂಜೆಕ್ಷನ್, ಮೂರು ತಿಂಗಳ ಹೊತ್ತಿಗೆ ಅದರ ಶಕ್ತಿ ಇಳಿಯುತ್ತೆ, ಅಷ್ಟರಲ್ಲಿ ಗಾಯ ಕೂಡಬೇಕು. ಎಲ್‌ಐಎಸ್‌ನಷ್ಟು ಗ್ಯಾರಂಟಿ ಇಲ್ಲ, ಮರುಕಳಿಸಬಹುದು ಅಂತಲೂ ಹೇಳಿದರು. ನಾನು ಬೊಟಾಕ್ಸ್ ಅಂದೆ. ಅರಿವಳಿಕೆಯಲ್ಲಿ ಪರೀಕ್ಷಿಸಿದಾಗ ಮುಂಭಾಗದ ಹೊರಸ್ನಾಯು ತೆಳ್ಳಗಿದೆ ಅಂತ ಡಿಸ್ಚಾರ್ಜ್ ಸಮರಿಯಲ್ಲಿ ಬರೆದಿದ್ದಾರೆ, ಅಲ್ಲಿಗೆ ಅವರ ಅನುಮಾನ ಸರಿಯೇ.

ನೋವು ಒಂದೇ ಸಲ ಹೋಗಲಿಲ್ಲ, ದಿನೇ ದಿನೇ ಇಳಿಯಿತು. ಶುರುವಿನ ಕೆಲವು ವಾರ ಗ್ಯಾಸ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಎಲ್ಲರಿಗಿಂತ ಹಿಂದೆ ಫ್ಯಾನಿನ ಕೆಳಗೆ ನಿಲ್ಲುತ್ತಿದ್ದೆ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಈಗ ಅದು ಹಳೇ ಮಟ್ಟಕ್ಕೆ ಬಂದಿದೆ, ಗಾಯವೂ ಕೂಡಿದೆ. ಇಸಬ್‌ಗೋಲ್ ಮಾತ್ರ ಬಿಟ್ಟಿಲ್ಲ.

ಹೋಗುವವರಿಗೆ: ಬಿಲ್ಲಿನಲ್ಲಿ ದೊಡ್ಡ ಪಾಲು ಬೊಟಾಕ್ಸ್ ಔಷಧದ್ದೇ, ಇನ್ಶೂರೆನ್ಸ್‌ನವರನ್ನು ಮುಂಚೆಯೇ ಕೇಳಿಕೊಳ್ಳಿ. ಟೋಕನ್ ಬೇಗ ತಗೊಳ್ಳಿ. ಹೆರಿಗೆಯ ಹಳೇ ಕಾಗದಗಳಿದ್ದರೆ ಜೊತೆಗಿರಲಿ, ಓದಿ ನೋಡುತ್ತಾರೆ.