ನಿವೃತ್ತಿಗೆ ಮೈಸೂರು: ರಿಂಗ್ ರೋಡಿನ ಒಳಗೆ ನಾಲ್ಕು ಸ್ಟಾರ್, ಹೊರಗೆ ಎರಡು

ಪಿಂಚಣಿದಾರರ ಊರು ಎಂಬ ಹೆಸರು ಮೈಸೂರಿಗೆ ಇಂದು ನಿನ್ನೆ ಬಂದದ್ದಲ್ಲ. ಆ ಹೆಸರನ್ನು ಗಳಿಸಿಕೊಟ್ಟ ಬಡಾವಣೆಗಳು ಸರಸ್ವತೀಪುರಂ, ಜಯಲಕ್ಷ್ಮೀಪುರಂ, ಯಾದವಗಿರಿ, ಕುವೆಂಪುನಗರ. ಈಗ ಆ ಹೆಸರು ಹೇಳಿಕೊಂಡು ಮಾರುತ್ತಿರುವುದು ಮಾತ್ರ ಇಲವಾಲದ ಆಚೆ, ಬೋಗಾದಿಯ ಆಚೆ, ಟಿ. ನರಸೀಪುರ ರಸ್ತೆಯ ಆಚೆ ಎದ್ದಿರುವ ಲೇಔಟುಗಳನ್ನು. ಎರಡೂ ಒಂದೇ ಮೈಸೂರು ಅಂದುಕೊಂಡು ಇಡುಗಂಟು ಸುರಿಯುವವರು ಬಹಳ. ಈ ವಿಮರ್ಶೆಯಲ್ಲಿ ಸ್ಟಾರ್ ಕೊಟ್ಟಿರುವುದು ಊರಿಗಲ್ಲ, ವಾರ್ಡಿಗೆ.

ಹವೆಯ ವಿಷಯದಲ್ಲಿ ತಕರಾರಿಲ್ಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ಏಪ್ರಿಲ್‌ನಲ್ಲಿ 35-36 ಡಿಗ್ರಿ ಮುಟ್ಟಿದರೂ ಕರಾವಳಿಯಂತೆ ಮೈಗೆ ಅಂಟುವ ಸೆಕೆಯಲ್ಲ. ಒಂದೇ ಎಚ್ಚರಿಕೆ: ಕೊನೆ ಮಹಡಿಯ ಫ್ಲ್ಯಾಟು, ಪಶ್ಚಿಮಕ್ಕೆ ಮಲಗುವ ಕೋಣೆ. ಇವೆರಡೂ ಸೇರಿದರೆ ಮಾರ್ಚ್‌ನಿಂದ ಮೇವರೆಗೆ ಕಾದ ತಾರಸಿ ರಾತ್ರಿ ಹನ್ನೊಂದಕ್ಕೂ ಕಾವು ಬಿಡುತ್ತಿರುತ್ತದೆ. ಮನೆ ನೋಡಲು ಬ್ರೋಕರ್ ಬೆಳಿಗ್ಗೆ ಹತ್ತಕ್ಕೆ ಕರೆದರೆ, ಸಂಜೆ ಐದಕ್ಕೂ ಒಮ್ಮೆ ಹೋಗಿ ಗೋಡೆ ಮುಟ್ಟಿ ನೋಡಿ.

ಆಸ್ಪತ್ರೆಗಳೇ ಮೈಸೂರಿನ ದೊಡ್ಡ ಬಲ. ಹೃದಯಕ್ಕೆ ಕೆ.ಆರ್.ಎಸ್. ರಸ್ತೆಯ ಜಯದೇವ ಇದೆ. ಸರ್ಕಾರಿ ದೊಡ್ಡಾಸ್ಪತ್ರೆ ಕೆ.ಆರ್. ಆಸ್ಪತ್ರೆ 1924ರಿಂದ ನಡೆಯುತ್ತಿದೆ. ಜೆಎಸ್‌ಎಸ್, ಕುವೆಂಪುನಗರದ ಅಪೋಲೊ ಬಿಜಿಎಸ್, ಮಣಿಪಾಲ್ ಇವೆ. ಇವೆಲ್ಲಕ್ಕಿಂತ ಹಿರಿಯರಿಗೆ ದಿನನಿತ್ಯ ಉಪಯೋಗಕ್ಕೆ ಬರುವ ಸಂಸ್ಥೆ ಮಾತ್ರ ಯಾವ ಬಿಲ್ಡರ್‌ನ ಬ್ರೋಷರಿನಲ್ಲೂ ಕಾಣುವುದಿಲ್ಲ. ಅದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ, ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯ ಈ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ, ಯಂತ್ರದ ಹೊಂದಾಣಿಕೆ, ಪಾರ್ಶ್ವವಾಯು ಬಡಿದು ಮಾತು ತಡವರಿಸುವವರಿಗೆ ವಾಕ್ ಚಿಕಿತ್ಸೆ ಎಲ್ಲವೂ ಒಂದೇ ಆವರಣದಲ್ಲಿ ಸಿಗುತ್ತವೆ. ಕಿವಿಯ ಯಂತ್ರವನ್ನು ಅಂಗಡಿಯಲ್ಲಿ ಕೊಂಡು ಡ್ರಾಯರಿನಲ್ಲಿ ಇಟ್ಟುಬಿಡುವವರು ಎಷ್ಟೋ ಮಂದಿ. ಕಾರಣ, ಮೊದಲ ಕೆಲವು ವಾರಗಳಲ್ಲಿ ಎರಡು ಮೂರು ಬಾರಿ ಮತ್ತೆ ಹೊಂದಿಸಬೇಕಾದ್ದನ್ನು ಯಾರೂ ಹೊಂದಿಸಿರುವುದಿಲ್ಲ. ಹತ್ತು ನಿಮಿಷದ ದಾರಿಯಾದರೆ ಮತ್ತೆ ಹೋಗಿ ಸರಿಮಾಡಿಸಿಕೊಂಡು ಬರುತ್ತಾರೆ, ನೂರೈವತ್ತು ಕಿ.ಮೀ. ಆದರೆ ಬಿಟ್ಟುಬಿಡುತ್ತಾರೆ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಲಕ್ಷಣ ಕಂಡ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಗಡುವು. ಗುರುತಿಸುವುದು, ಗಾಡಿ ತರಿಸುವುದು, ಸಿ.ಟಿ. ಸ್ಕ್ಯಾನ್ ಎಲ್ಲ ಅದರೊಳಗೇ ಆಗಬೇಕು. ಆದ್ದರಿಂದ ನೋಡುತ್ತಿರುವ ಮನೆಯಿಂದ ಇಪ್ಪತ್ನಾಲ್ಕು ಗಂಟೆಯೂ ಸಿ.ಟಿ. ಇರುವ ಆಸ್ಪತ್ರೆಗೆ ಸಂಜೆ ಆರೂವರೆಗೆ ಒಮ್ಮೆ, ರಾತ್ರಿ ಎರಡಕ್ಕೆ ಒಮ್ಮೆ ಗಾಡಿಯಲ್ಲಿ ಹೋಗಿ ಗಡಿಯಾರ ನೋಡಿ. ರಿಂಗ್ ರೋಡಿನ ಒಳಗಿನ ಹೆಚ್ಚಿನ ಬಡಾವಣೆಗಳಿಂದ ಇಪ್ಪತ್ತು ನಿಮಿಷ ಮೀರುವುದು ಅಪರೂಪ. ಹೊರಗಿನ ಲೇಔಟಿನಲ್ಲಿ ತೊಂದರೆ ದೂರದ್ದಲ್ಲ, ವಿಳಾಸದ್ದು. ಬೀದಿದೀಪವಿಲ್ಲದ, ಅಡ್ಡರಸ್ತೆಗೆ ಫಲಕವಿಲ್ಲದ ಕಡೆ ರಾತ್ರಿ ಆಂಬುಲೆನ್ಸ್ ಚಾಲಕ ಗೇಟು ಹುಡುಕುತ್ತಾ ಸುತ್ತುತ್ತಾನೆ.

ಇನ್ನು ನೀರು. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ ನೀರು ಊರಿಗೆ ಬರುತ್ತದೆ. ವಾಣಿ ವಿಲಾಸ ನೀರು ಸರಬರಾಜಿನ ಹಳೆಯ ಜಾಲ ಇರುವ ಕಡೆ ಚಿಂತೆ ಕಡಿಮೆ. ಜಾಲ ಮುಗಿದಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರು. ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಬ್ರೋಕರುಗಳ ನಿತ್ಯದ ಪಲ್ಲವಿ. ಮುಗಿದಾಗ ಮುಗಿಯಲಿ, ನೀವು ಇವತ್ತಿನ ನಲ್ಲಿ ನೋಡಿ. ಕೇಳಬೇಕಾದವರು ಮನೆ ಮಾಲೀಕರಲ್ಲ, ಪಕ್ಕದ ಮನೆಯ ಕೆಲಸದವರು: ನೀರು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಏಪ್ರಿಲ್‌ನಲ್ಲಿ ಎಷ್ಟು.

ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಇಬ್ಬರಿಗೆ 270. ಗಿಡ, ಕೆಲಸದವರು, ಬಂದುಹೋಗುವವರು ಸೇರಿ 400 ಇಟ್ಟುಕೊಳ್ಳಿ. 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪು ಸುಮಾರು 6,100 ಲೀಟರ್ ಹಿಡಿಯುತ್ತದೆ, ಅಂದರೆ ಹದಿನೈದು ದಿನದ ನೀರು. ಸಂಪು 3,000 ಲೀಟರಿನದಾದರೆ ಟ್ಯಾಂಕರು ತರಿಸಿದಾಗ ಅರ್ಧ ಲೋಡು ವಾಪಸು ಹೋಗುತ್ತದೆ, ದುಡ್ಡು ಮಾತ್ರ ಪೂರ್ತಿ. ಬರೀ ಬೋರ್ ನೀರಿನ ಮನೆಯಾದರೆ ಬಚ್ಚಲ ನಲ್ಲಿಯ ಬಾಯಿ, ಶವರಿನ ತೂತು, ಕಮೋಡಿನ ಒಳಗೋಡೆ ನೋಡಿ. ಬಿಳಿ ಹೊಪ್ಪಳಿಕೆ ಗಟ್ಟಿಯಾಗಿ ಕೂತಿದ್ದರೆ ನೀರು ಗಡಸು. ಗೀಸರಿನ ಕಾಯಿಲು ಸುಡುತ್ತದೆ, ಸೋಲಾರ್ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲೂ ಈ ಗುರುತು ಮುಚ್ಚಿಡುವುದು ಕಷ್ಟ.

ವಾಸನೆಯ ವಿಷಯ ಯಾರೂ ಬಾಯಿಬಿಡುವುದಿಲ್ಲ. ವಿದ್ಯಾರಣ್ಯಪುರಂನ ಸೂಯೆಜ್ ಫಾರ್ಮಿನಲ್ಲಿ ಊರಿನ ಕಸ ಬೀಳುವುದರಿಂದ ಅದರ ಸುತ್ತಲಿನ ಕೆಲವು ಬೀದಿಗಳಿಗೆ ಗಾಳಿ ತಿರುಗಿದಾಗ ನಾತ ಬರುತ್ತದೆ. ಜೆ.ಪಿ. ನಗರ, ಶ್ರೀರಾಂಪುರ ಕಡೆ ನೋಡುವವರು ಮಳೆ ಬಿದ್ದ ಮರುದಿನ ಸಂಜೆ ಹೋಗಿ ಅರ್ಧ ಗಂಟೆ ನಿಂತರೆ ಸಾಕು. ಇಡೀ ಬಡಾವಣೆಗೆ ಕಳಂಕ ಹಚ್ಚುವ ಅಗತ್ಯವಿಲ್ಲ, ನಾಲ್ಕು ಬೀದಿ ಆಚೆಗೆ ಏನೂ ಇರುವುದಿಲ್ಲ.

ಮನೆ ಯಾವ ಥರದ್ದು ಎಂಬಲ್ಲಿ ನಮ್ಮವರ ಆಸೆಗೂ ಮೊಣಕಾಲಿಗೂ ಜಗಳ. 30x40 ಸೈಟಿನ ಡುಪ್ಲೆಕ್ಸ್‌ನಲ್ಲಿ ಕೆಳಗೆ ಹಾಲು, ಅಡುಗೆಮನೆ, ಕಾರಿಗೆ ಜಾಗ. ಮಲಗುವ ಕೋಣೆಗಳೆಲ್ಲ ಮೇಲೆ. ಇದು ನಲವತ್ತರ ಪ್ರಾಯದವರ ಮನೆ. ನೆಲಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಅಂಟಿದ ಬಚ್ಚಲು ಇಲ್ಲದ ಮನೆಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಿ. ಬಚ್ಚಲ ಬಾಗಿಲು ಅಳೆದು ನೋಡಿ. ಸಾಮಾನ್ಯವಾಗಿ 27-30 ಇಂಚು ಇರುತ್ತದೆ, ಗಾಲಿಕುರ್ಚಿ ನುಗ್ಗಲು 32 ಇಂಚಾದರೂ ತೆರಪು ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು, ಏಕೆಂದರೆ ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾಗಿ ಬೀಳುತ್ತಾರೆ. ಗೋಡೆಯ ಹಿಡಿಕೆಯನ್ನು ಟೈಲ್ಸಿಗೆ ಮಾತ್ರ ಕಚ್ಚಿಸಿದರೆ ಒಂದು ದಿನ ಕೈಯಲ್ಲೇ ಬರುತ್ತದೆ, ಸ್ಕ್ರೂ ಇಟ್ಟಿಗೆಯವರೆಗೆ ಹೋಗಿರಬೇಕು. ಇಳಿಜಾರು ಹಾಕಿಸುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಗೇಟಿನ ಬಳಿ ಅಷ್ಟು ಜಾಗ ಇರುವುದಿಲ್ಲವಾದ್ದರಿಂದ ಜಗುಲಿ ಎತ್ತರವಿಲ್ಲದ ಮನೆಯೇ ಲೇಸು. ಫ್ಲ್ಯಾಟಾದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೆಯೇ, ಕರೆಂಟು ಹೋದಾಗ ಜನರೇಟರ್ ಲಿಫ್ಟಿಗೂ ಇದೆಯೇ ಅಥವಾ ಬರೀ ಕಾರಿಡಾರ್ ದೀಪಕ್ಕೋ, ವಿಚಾರಿಸಿ.

ಹಳೆಯ ಬಡಾವಣೆಯ ಹಳೆಯ ಮನೆ ಕೊಳ್ಳುವವರು ಖರೀದಿಯ ಮೇಲೆ ರಿಪೇರಿಗೂ ದುಡ್ಡು ತೆಗೆದಿಡಬೇಕು. ತುಕ್ಕು ಹಿಡಿದ ಜಿ.ಐ. ಪೈಪು ಬದಲಿಸಬೇಕು, ಅರ್ಥಿಂಗ್ ಹೊಸದಾಗಿ ಮಾಡಿಸಬೇಕು, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್ಚು) ಹಾಕಿಸಬೇಕು. ಕಿಟಕಿ ಚೌಕಟ್ಟಿನ ತಳಕ್ಕೆ ಚಾವಿಯಿಂದ ಚುಚ್ಚಿದಾಗ ಪುಡಿ ಉದುರಿದರೆ ಗೆದ್ದಲು. ಯಾದವಗಿರಿಯ ದೊಡ್ಡ ತೋಟದ ಮನೆ ಚಿತ್ರದಲ್ಲಿ ಚೆಂದ, ಅದನ್ನು ಗುಡಿಸಲು ಸಾರಿಸಲು ಜನ ಎಲ್ಲಿದ್ದಾರೆ?

ಕಾಗದಪತ್ರಗಳಲ್ಲಿ ಮೈಸೂರಿಗೇ ವಿಶೇಷವಾದ ತೊಡಕುಗಳಿವೆ. ಇ-ಖಾತೆ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲ. ಇ-ಖಾತೆಯಲ್ಲಿನ ಅಳತೆ ಮತ್ತು ಕ್ರಯಪತ್ರದ ಅಳತೆ ತಾಳೆಯಾಗದಿದ್ದರೆ ಮುಂಗಡ ಕೊಡುವ ಮೊದಲೇ ಮಾರುವವರಿಂದ ತಿದ್ದುಪಡಿ ಪತ್ರ ಮಾಡಿಸಿ; ಮುಂಗಡ ಕೈಸೇರಿದ ಮೇಲೆ ಯಾರಿಗೂ ಅವಸರ ಇರುವುದಿಲ್ಲ. ಋಣಭಾರ ಪತ್ರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ 2004ರಿಂದ ಈಚಿನದು ಸಿಗುತ್ತದೆ. ಮೂವತ್ತು ವರ್ಷದ್ದು ಬೇಕೆಂದರೆ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ ನಿವೇಶನವಾದರೆ ಮೂಲ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕ್ರಯಪತ್ರ ಮೂರನ್ನೂ ಕೇಳಿ. ಮೂಲವೇ 50:50 ಅನುಪಾತದ ಬದಲಿ ನಿವೇಶನ (ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರವಾಗಿ ಕೊಟ್ಟದ್ದು) ಎಂದು ಕಂಡರೆ, 2024ರಲ್ಲಿ ಎದ್ದ ತನಿಖೆಗಳ ಗಲಾಟೆ ನೆನಪಿಟ್ಟುಕೊಂಡು, ಕೈಮುಗಿದು ಬನ್ನಿ. ನಿವೃತ್ತರ ದುಡ್ಡಿಗೆ ಕೋರ್ಟಿನಲ್ಲಿ ಕಾಯುವಷ್ಟು ವರ್ಷಗಳಿಲ್ಲ.

ಸರಸ್ವತೀಪುರಂನಂಥ ಕಡೆ ತೊಡಕು ಬೇರೆ. ಮನೆ ಕಟ್ಟಿದವರು ತೀರಿಕೊಂಡಿರುತ್ತಾರೆ, ಮಕ್ಕಳು ಅಮೆರಿಕದಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು. ವಂಶವೃಕ್ಷದಲ್ಲಿ ಇರುವ ಎಲ್ಲರೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ, ಸಹಿ ಹಾಕಬೇಕು. ವಿದೇಶದಲ್ಲಿ ಬರೆದುಕೊಟ್ಟ ಅಧಿಕಾರಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಮಾರುವವರಲ್ಲಿ ಒಬ್ಬರು ಅನಿವಾಸಿ ಆಗಿದ್ದರೂ ಅವರ ಪಾಲಿಗೆ ಕಡಿಯಬೇಕಾದ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಸಾಮಾನ್ಯ ಶೇ 1 ಅಲ್ಲ, ಬಹಳ ಹೆಚ್ಚು. ಕಡಿಯದಿದ್ದರೆ ನೋಟಿಸು ಬರುವುದು ಕೊಂಡವರಿಗೆ. ನೋಂದಣಿ ದಿನದ ಮೊದಲು ಲೆಕ್ಕಪರಿಶೋಧಕರನ್ನು ಕಾಣಲೇಬೇಕಾದ ಜಾಗ ಇದೊಂದು.

ಖರ್ಚು ಹೀಗೆ ಬರುತ್ತದೆ. 80 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಅದರ ಮೇಲೆ ಸೆಸ್ 40,000, ಸರ್ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಅದು 1.6 ಲಕ್ಷ. ಒಟ್ಟು 6,08,000 ರೂಪಾಯಿ. ಹಳೆಯ ಲೆಕ್ಕ ಹೇಳುವ ಬ್ರೋಕರ್ ಸಿಕ್ಕರೆ ಅವರ ಉಳಿದ ಲೆಕ್ಕಗಳನ್ನೂ ಒಮ್ಮೆ ಅನುಮಾನಿಸಿ.

ರಿಂಗ್ ರೋಡಿನ ಹೊರಗಿನ ಲೇಔಟಿಗೆ ಎರಡೇ ಸ್ಟಾರ್ ಯಾಕೆಂದರೆ, ಅಲ್ಲಿ ಅನೇಕ ಕಡೆ ರಸ್ತೆ, ಒಳಚರಂಡಿ, ಪಾರ್ಕು ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿರುವುದಿಲ್ಲ. ಹಸ್ತಾಂತರವಾಗದಿದ್ದರೆ ದೀಪ ಕೆಟ್ಟರೆ ಯಾರೂ ದಿಕ್ಕಿಲ್ಲ; ಸ್ಥಳೀಯ ಸಂಸ್ಥೆಯವರು ಡೆವಲಪರ್ ಕಡೆಗೆ ಕೈ ತೋರಿಸುತ್ತಾರೆ, ಆತ ಅಷ್ಟೊತ್ತಿಗೆ ಇನ್ನೊಂದು ಲೇಔಟಿನಲ್ಲಿರುತ್ತಾನೆ. ಒಳಚರಂಡಿ ಇದೆ ಎಂದರೆ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ, ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿ. ಕಾಡಂಚಿನ ನೆಮ್ಮದಿ ಎಂದು ಜಾಹೀರಾತು ಕೊಡುವವರು ಚಿರತೆಯ ಮಾತೆತ್ತುವುದಿಲ್ಲ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಕ್ಯಾಂಪಸ್ಸಿನೊಳಕ್ಕೇ ಚಿರತೆ ಬಂದಿತ್ತು, ಲೇಔಟಿನ ಕಾಂಪೌಂಡು ಯಾವ ಲೆಕ್ಕ.

ಒಳಗಿನ ಬಡಾವಣೆಗಳಿಗೂ ಐದನೇ ಸ್ಟಾರ್ ಕೊಟ್ಟಿಲ್ಲ. ಫುಟ್‌ಪಾತಿನ ಕಲ್ಲುಗಳು ಏರುಪೇರು, ಬೀದಿನಾಯಿ ಕಾಟ, ದಸರೆಯ ಹತ್ತು ದಿನ ಅರಮನೆ ಸುತ್ತಲಿನ ರಸ್ತೆಗಳಲ್ಲಿ ಆಟೋ ಸಿಗದಿರುವುದು, ಇವಕ್ಕೆ ಒಂದು ಸ್ಟಾರ್ ಕಡಿತ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಂದ ಬಾಡಿಗೆ ಏರಿದೆ, ಅದೇ ಬಾಡಿಗೆಗೆ ಕುವೆಂಪುನಗರದಲ್ಲಿ ದೊಡ್ಡ ಮನೆ ಸಿಗುತ್ತದೆ. ವಾಕಿಂಗ್ ಬೇಕೇ ಬೇಕು ಎನ್ನುವವರು ಕುಕ್ಕರಹಳ್ಳಿ ಕೆರೆಗೆ ಹತ್ತು ನಿಮಿಷದ ನಡಿಗೆಯೊಳಗೆ ಹುಡುಕಲಿ. ಸಮತಟ್ಟಾದ ಮಣ್ಣಿನ ದಾರಿ ಮೊಣಕಾಲಿಗೆ ಕಾಂಕ್ರೀಟಿಗಿಂತ ಹಿತ.

ಬೆಂಗಳೂರಿನ ಮಕ್ಕಳ ಮನೆಗೆ ರೈಲೇ ಸರಿ. ವಂದೇ ಭಾರತ್, ಶತಾಬ್ದಿಯಲ್ಲಿ ಎರಡು ಗಂಟೆಯ ಆಸುಪಾಸು. ಎಕ್ಸ್‌ಪ್ರೆಸ್‌ವೇ ಮಾತು ಎಲ್ಲರೂ ಆಡುತ್ತಾರೆ, ಕೆಂಗೇರಿಯಿಂದ ಮುಂದಿನ ಒಂದು ಗಂಟೆ ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿರಿಯರಿಗೆ ರೈಲಿನಲ್ಲಿದ್ದ ರಿಯಾಯಿತಿ 2020ರಲ್ಲಿ ನಿಂತಿದೆ. ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಶೇ 25 ಇದೆ, ಹೆಂಗಸರಿಗೆ ಸಾಮಾನ್ಯ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ.

ಬೇರೆ ಊರು? ಧಾರವಾಡದ ಹವೆ ಮೈಸೂರಿಗೆ ಸಮ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಹತ್ತಿರ, ಜನ ಇನ್ನೂ ಮಾತಾಡಿಸುತ್ತಾರೆ; ಆದರೆ ಮಲಪ್ರಭೆಯ ನೀರು ದಿನಗಟ್ಟಲೆ ಕಾಯಿಸುವ ವಾರ್ಡುಗಳಿವೆ. ಮಂಗಳೂರು ಆಸ್ಪತ್ರೆಯಲ್ಲಿ ಮೈಸೂರನ್ನು ಮೀರಿಸುತ್ತದೆ, ವಿಮಾನವೂ ಇದೆ. ವರ್ಷಕ್ಕೆ 3,500 ಮಿ.ಮೀ. ಮೀರಿದ ಮಳೆ, ಜಾರುವ ಪಾಚಿ, ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚುವುದು ಒಗ್ಗುವವರಿಗೆ ಮಾತ್ರ. ಅಲ್ಲೇ ಹುಟ್ಟಿ ಬೆಳೆದವರಿಗೆ ಈ ಮಾತು ಅನ್ವಯಿಸದು.

ಕೊಳ್ಳುವ ಮೊದಲು ಬಾಡಿಗೆಗೆ ಇರಿ, ಅದೂ ಕೊಳ್ಳಬೇಕೆಂದಿರುವ ಬೀದಿಯಲ್ಲೇ. ಹನ್ನೊಂದು ತಿಂಗಳ ಕರಾರು ಮಾರ್ಚ್‌ನಲ್ಲಿ ಶುರುವಾಗಲಿ. ಆಗ ಏಪ್ರಿಲ್‌ನ ನೀರು, ಮೇ ತಿಂಗಳ ಗುಡುಗು ಮಳೆಗೆ ಬೀಳುವ ಕೊಂಬೆ, ಹೋಗುವ ಕರೆಂಟು, ದಸರೆಯ ಜನಜಂಗುಳಿ, ಅಕ್ಟೋಬರಿನ ಸೊಳ್ಳೆ ಎಲ್ಲವೂ ಒಂದೇ ಕರಾರಿನಲ್ಲಿ ಪರೀಕ್ಷೆಯಾಗುತ್ತವೆ. ಹಳೆಯ ಊರಿನ ಮನೆ ಅಷ್ಟರೊಳಗೆ ಮಾರಬೇಡಿ. ಮಾರಿ ಬಂದ ದುಡ್ಡು ಬ್ಯಾಂಕಿನಲ್ಲಿ ಕಂಡ ತಕ್ಷಣ ಸೈಟು ತೋರಿಸುವವರು ತಾವಾಗಿಯೇ ಬರುತ್ತಾರೆ. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಬರೆಯುವ ಯೋಚನೆ ಇದ್ದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನ ರದ್ದು ಕೋರಲು ಆ ಸಾಲು ಬೇಕಾಗುತ್ತದೆ. ಬಾಯಿಮಾತಿನ ಷರತ್ತು ಉಪವಿಭಾಗಾಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.