ಒಂದು ಕಂಟ್ರೋಲರ್, ನಾಲ್ಕು ಸಾಧನ: ಎಕ್ಸ್‌ಬಾಕ್ಸ್ ವೈರ್‌ಲೆಸ್ ಕಂಟ್ರೋಲರ್ ಬಳಸಿ ಕಂಡಿದ್ದು

ಮೈಕ್ರೋಸಾಫ್ಟ್ 2020ರ ನವೆಂಬರ್‌ನಲ್ಲಿ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಕನ್ಸೋಲ್‌ಗಳ (ಟೀವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳ) ಜೊತೆಗೆ ಮಾರುಕಟ್ಟೆಗೆ ತಂದ ಎಕ್ಸ್‌ಬಾಕ್ಸ್ ವೈರ್‌ಲೆಸ್ ಕಂಟ್ರೋಲರನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಹಾಲ್‌ನಲ್ಲಿರುವ ಸೀರೀಸ್ ಎಸ್, ನನ್ನ ವಿಂಡೋಸ್ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್ ಮತ್ತು ಅಣ್ಣನ ಮಗಳ ಐಪ್ಯಾಡ್ ಈ ನಾಲ್ಕರ ಜೊತೆಗೂ ಅದು ಸರದಿಯ ಮೇಲೆ ಕೆಲಸ ಮಾಡುತ್ತದೆ. ಅದು ಕೈಯಲ್ಲಿ ಹೇಗೆ ಕೂರುತ್ತದೆ, ಗುಂಡಿಗಳು ಎಷ್ಟು ಮೃದು ಎಂಬುದನ್ನು ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದರೇ ತಿಳಿಯಬಹುದು. ಒಂದು ಸಾಧನದಿಂದ ಇನ್ನೊಂದಕ್ಕೆ ಅದನ್ನು ಪೇರ್ ಮಾಡುವುದು, ಅಂದರೆ ವೈರ್ ಇಲ್ಲದೆ ಜೋಡಿಸುವುದು, ಎಷ್ಟು ಸುಲಭ, ಎಲ್ಲಿ ಕಷ್ಟ ಎಂಬುದು ಮಾತ್ರ ಮನೆಗೆ ತಂದ ಮೇಲಷ್ಟೇ ಗೊತ್ತಾಗುವ ಸಂಗತಿಯಾದ್ದರಿಂದ ಇಲ್ಲಿ ಅದನ್ನಷ್ಟೇ ಬರೆಯುತ್ತೇನೆ.

ಮೊದಲ ಜೋಡಣೆ ನಿಜಕ್ಕೂ ಸುಲಭ. ಕಂಟ್ರೋಲರಿನ ಮೇಲಂಚಿನಲ್ಲಿ, ಯುಎಸ್‌ಬಿ-ಸಿ ಕಿಂಡಿಯ ಎಡಕ್ಕೆ, ಬೆರಳ ತುದಿಗಷ್ಟೇ ಸಿಗುವ ಒಂದು ಪುಟ್ಟ ದುಂಡು ಗುಂಡಿ ಇದೆ. ಅದೇ ಪೇರ್ ಗುಂಡಿ. ಅದನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ನಡುವೆ ಇರುವ ಎಕ್ಸ್‌ಬಾಕ್ಸ್ ಗುಂಡಿಯ ಬಿಳಿ ಬೆಳಕು ಬೇಗ ಬೇಗ ಮಿನುಗತೊಡಗುತ್ತದೆ, ಜೋಡಣೆಯಾದ ಕ್ಷಣ ಸ್ಥಿರವಾಗಿ ನಿಲ್ಲುತ್ತದೆ. ಕನ್ಸೋಲಿನ ಮುಂಭಾಗದಲ್ಲಿಯೂ ಇಂಥದೇ ಗುಂಡಿಯಿದ್ದು, ಅದನ್ನು ಒತ್ತಿದ 20 ಸೆಕೆಂಡಿನೊಳಗೆ ಕಂಟ್ರೋಲರಿನ ಗುಂಡಿಯನ್ನು ಒತ್ತಿ ಹಿಡಿಯಬೇಕು. ಲ್ಯಾಪ್‌ಟಾಪ್, ಫೋನ್, ಐಪ್ಯಾಡ್‌ಗಳಲ್ಲಾದರೆ ಬ್ಲೂಟೂತ್ ಸೆಟ್ಟಿಂಗ್ಸ್ ತೆರೆದು, ಪಟ್ಟಿಯಲ್ಲಿ ಕಾಣಿಸುವ ಹೆಸರನ್ನು ಆಯ್ದುಕೊಂಡರೆ ಮುಗಿಯಿತು.

ಗೊಂದಲ ಶುರುವಾಗುವುದು ಎರಡನೆಯ ದಿನ. ಹಿಂದಿನ ರಾತ್ರಿ ಹಾಲ್‌ನಲ್ಲಿ ಆಡಿ, ಮರುದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಎಕ್ಸ್‌ಬಾಕ್ಸ್ ಗುಂಡಿ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಏನೂ ಆಗಲಿಲ್ಲ, ಹಾಲ್‌ನಿಂದ ಮಾತ್ರ "ಚಿಕ್ಕಪ್ಪಾ, ಟೀವಿ ತಾನಾಗೇ ಆನ್ ಆಯ್ತು ನೋಡಿ" ಎಂಬ ಕೂಗು ಕೇಳಿಸಿತು. ಕಂಟ್ರೋಲರ್ ತಾನು ಕೊನೆಯದಾಗಿ ಮಾತನಾಡಿದ ಕನ್ಸೋಲನ್ನೇ ಹುಡುಕಿ ಎಬ್ಬಿಸಿತ್ತು, ಕನ್ಸೋಲ್ ತನ್ನನ್ನು ಟೀವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಮೂಲಕ ಟೀವಿಯನ್ನು ಎಬ್ಬಿಸಿತ್ತು. ಆಮೇಲಿನ ಕೆಲವು ವಾರ ನಾನು ಪ್ರತಿ ಸಲವೂ ಮೊದಲಿನಿಂದ ಪೇರ್ ಮಾಡುತ್ತಲೇ ಕಾಲ ಕಳೆದೆ. ಅದರ ಅಗತ್ಯವೇ ಇರಲಿಲ್ಲ ಎಂದು ಗೊತ್ತಾದದ್ದು ಆ ಕಂಟ್ರೋಲರಿನ ಒಳಗೆ ಎರಡು ಬೇರೆ ಬೇರೆ ದಾರಿಗಳಿವೆ ಎಂಬುದನ್ನು ಅರಿತ ಮೇಲೆ.

ಕನ್ಸೋಲಿನ ಜೊತೆ ಅದು ಮಾತನಾಡುವುದು ಎಕ್ಸ್‌ಬಾಕ್ಸ್ ವೈರ್‌ಲೆಸ್ ಎಂಬ ಮೈಕ್ರೋಸಾಫ್ಟ್‌ನ ಸ್ವಂತ ರೇಡಿಯೋ ಪದ್ಧತಿಯಲ್ಲಿ. ಉಳಿದ ಸಾಧನಗಳ ಜೊತೆ ಬ್ಲೂಟೂತ್‌ನಲ್ಲಿ. ಈ ಎರಡೂ ದಾರಿಗಳಲ್ಲಿ ತಲಾ ಒಂದೊಂದು ಸಾಧನವನ್ನು ಕಂಟ್ರೋಲರ್ ನೆನಪಿಟ್ಟುಕೊಳ್ಳುತ್ತದೆ, ಪೇರ್ ಗುಂಡಿಯನ್ನು ಬೇಗನೆ ಎರಡು ಸಲ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಒತ್ತಿ ಹಿಡಿದರೆ ಹೊಸ ಜೋಡಣೆ, ಎರಡು ಸಲ ಒತ್ತಿದರೆ ಹಳೆಯ ಜೋಡಣೆಗೆ ಮರಳುವುದು: ಇಷ್ಟು ವ್ಯತ್ಯಾಸ ತಿಳಿದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಇದು ನನಗೆ ಈ ಕಂಟ್ರೋಲರಿನ ಅತ್ಯುತ್ತಮ ಗುಣವಾಗಿ ಕಾಣುತ್ತದೆ. ಗುಂಡಿಯ ಪಕ್ಕದಲ್ಲಿ ಅದನ್ನು ಸೂಚಿಸುವ ಯಾವ ಗುರುತೂ ಇಲ್ಲದಿರುವುದರಿಂದ ಎಷ್ಟೋ ಜನ ಅದನ್ನು ಬಳಸದೆಯೇ ಇರುತ್ತಾರೆ.

ಬ್ಲೂಟೂತ್ ಕಡೆಗೆ ಒಂದೇ ನೆನಪು ಇರುವುದು ಮಾತ್ರ ನಿಜವಾದ ಮಿತಿ. ಫೋನಿಗೆ ಜೋಡಿಸಿದ್ದನ್ನು ಐಪ್ಯಾಡಿಗೆ ಜೋಡಿಸಿದರೆ ಕಂಟ್ರೋಲರ್ ಫೋನನ್ನು ಮರೆಯುತ್ತದೆ, ಆದರೆ ಫೋನು ಕಂಟ್ರೋಲರನ್ನು ಮರೆಯುವುದಿಲ್ಲ. ಫೋನಿನ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ, ಎಷ್ಟು ಸಲ ಮುಟ್ಟಿದರೂ ಜೋಡಣೆಯಾಗುವುದಿಲ್ಲ, ಕಂಟ್ರೋಲರೇ ಕೆಟ್ಟಿತೇನೋ ಎಂಬ ಆತಂಕ ಹುಟ್ಟುತ್ತದೆ. ಆಗ ಪಟ್ಟಿಯಿಂದ ಆ ಹಳೆಯ ಹೆಸರನ್ನು ಅಳಿಸಿಹಾಕಿ, ಪೇರ್ ಗುಂಡಿಯನ್ನು ಒತ್ತಿ ಹಿಡಿದು ಹೊಸದಾಗಿ ಸೇರಿಸಿಕೊಂಡರೆ ಸರಿಹೋಗುತ್ತದೆ. ವಿಂಡೋಸಿನಲ್ಲಿಯೂ ಪರಿಹಾರ ಇದೇ.

ಐಪ್ಯಾಡ್ ಮತ್ತು ಐಫೋನ್‌ಗಳಲ್ಲಿ ಈ ಮಾದರಿಗೆ ಬೆಂಬಲ ಬಂದದ್ದು ಅವುಗಳ ಸಿಸ್ಟಮ್ ಸಾಫ್ಟ್‌ವೇರಿನ 2021ರ 14.5 ಆವೃತ್ತಿಯಿಂದ, ಅದಕ್ಕಿಂತ ಹಳೆಯ ಸಾಫ್ಟ್‌ವೇರ್ ಇದ್ದರೆ ಮೊದಲು ಅಪ್‌ಡೇಟ್ ಮಾಡಿಕೊಳ್ಳಬೇಕು. ಕಂಟ್ರೋಲರಿನದೇ ಫರ್ಮ್‌ವೇರನ್ನು (ಅದರೊಳಗಿನ ಸಾಫ್ಟ್‌ವೇರನ್ನು) ಎಕ್ಸ್‌ಬಾಕ್ಸ್ ಆ್ಯಕ್ಸೆಸರೀಸ್ ಎಂಬ ಆ್ಯಪ್ ಮೂಲಕ ಕನ್ಸೋಲಿನಲ್ಲಾಗಲಿ ವಿಂಡೋಸಿನಲ್ಲಾಗಲಿ ಅಪ್‌ಡೇಟ್ ಮಾಡಬಹುದು.

ಕೇಬಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವೈರ್‌ಲೆಸ್ ಕೊಂಡ ಮೇಲೆ ಕೇಬಲ್ ಹಾಕುವುದೇಕೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಲ್ಯಾಪ್‌ಟಾಪ್ ಹೇಗೂ ಒಂದು ಮೊಳ ದೂರದ ಮೇಜಿನ ಮೇಲೆಯೇ ಇರುತ್ತದೆ. ಯುಎಸ್‌ಬಿ-ಸಿ ಕೇಬಲ್ ಚುಚ್ಚಿದರೆ ಪೇರ್ ಮಾಡುವ ಪ್ರಶ್ನೆಯೇ ಬರುವುದಿಲ್ಲ, ಬ್ಲೂಟೂತ್ ನೆನಪನ್ನು ಫೋನಿಗೆ ಬಿಟ್ಟುಕೊಡಬಹುದು. ಇನ್ನೊಂದು ಲಾಭವೆಂದರೆ, ಕಂಟ್ರೋಲರಿನ ಕೆಳಗಿರುವ 3.5 ಮಿಲಿಮೀಟರ್ ಹೆಡ್‌ಸೆಟ್ ಕಿಂಡಿ ಬ್ಲೂಟೂತ್‌ನಲ್ಲಿ ಕೆಲಸ ಮಾಡುವುದಿಲ್ಲ, ವಿಂಡೋಸಿಗೆ ಕೇಬಲ್ ಹಾಕಿದಾಗ ಮಾಡುತ್ತದೆ. ಸ್ನೇಹಿತರ ಜೊತೆ ಮಾತನಾಡುತ್ತಾ ಆಡುವವರಿಗೆ ಇದು ಸಣ್ಣ ವಿಷಯವಲ್ಲ. ಲ್ಯಾಪ್‌ಟಾಪಿನಲ್ಲಿಯೂ ಎಕ್ಸ್‌ಬಾಕ್ಸ್ ವೈರ್‌ಲೆಸ್ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್‌ನ ಪ್ರತ್ಯೇಕ ಯುಎಸ್‌ಬಿ ಅಡಾಪ್ಟರ್ ಇದೆ, ಒಂದರಲ್ಲಿ ಎಂಟು ಕಂಟ್ರೋಲರ್‌ಗಳವರೆಗೆ ಜೋಡಿಸಬಹುದು. ಆದರೆ ಅದು ಆಕ್ರಮಿಸುವುದು ಕಂಟ್ರೋಲರಿನಲ್ಲಿ ಕನ್ಸೋಲಿಗಿರುವ ನೆನಪಿನ ಜಾಗವನ್ನೇ ಆದ್ದರಿಂದ ಕನ್ಸೋಲ್, ಲ್ಯಾಪ್‌ಟಾಪ್ ಎರಡೂ ಇರುವ ಮನೆಗೆ ನಾನು ಸೂಚಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಚ್ಚರದಿಂದಿರಬೇಕು. ನನ್ನ ಗೆಳೆಯರೊಬ್ಬರು ಬ್ಲೂಟೂತ್ ಇದೆ ಎಂಬ ಮಾರಾಟಗಾರರ ಮಾತು ನಂಬಿ ಹಳೆಯ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದನ್ನು ಕೊಂಡು, ಇಡೀ ಭಾನುವಾರ ಫೋನಿನ ಪಟ್ಟಿಯಲ್ಲಿ ಅದರ ಹೆಸರಿಗಾಗಿ ಹುಡುಕಿದರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಕನ್ಸೋಲಿನ ಜೊತೆ ಬಂದ ಮೊದಲ ಮಾದರಿಯಲ್ಲಿ ಬ್ಲೂಟೂತ್ ಇರಲೇ ಇಲ್ಲ; ಅದು ಬಂದದ್ದು 2016ರಲ್ಲಿ, ಎಕ್ಸ್‌ಬಾಕ್ಸ್ ಒನ್ ಎಸ್ ಕನ್ಸೋಲಿನ ಜೊತೆ. ಕಣ್ಣಿನಲ್ಲೇ ಗುರುತಿಸುವ ಉಪಾಯವಿದೆ: ಎಕ್ಸ್‌ಬಾಕ್ಸ್ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ ಕಂಟ್ರೋಲರಿನ ಮುಖದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ, ಮೇಲಂಚಿನ ಗುಂಡಿಗಳ ಪ್ಲಾಸ್ಟಿಕ್ಕಿಗೆ ಸೇರಿಕೊಂಡು, ಮುಖದಿಂದ ಬೇರೆ ತುಂಡಾಗಿ ಕಂಡರೆ ಇಲ್ಲ. ಪ್ಲೇಸ್ಟೇಷನ್ 5 ಅಥವಾ ನಿಂಟೆಂಡೋ ಸ್ವಿಚ್ ಮಾತ್ರ ಇರುವವರು ಇದನ್ನು ಕೊಳ್ಳಬಾರದು, ಏಕೆಂದರೆ ಆ ಕನ್ಸೋಲ್‌ಗಳಿಗೆ ಇದು ನೇರವಾಗಿ ಜೋಡಣೆಯಾಗುವುದಿಲ್ಲ.

ಇದಕ್ಕೆ ಎರಡು ಎಎ ಬ್ಯಾಟರಿ ಬೇಕು, ಒಳಗೆ ಚಾರ್ಜ್ ಆಗುವ ಬ್ಯಾಟರಿಯಿಲ್ಲ. ಬೇರೆಯವರು ಇದನ್ನು ಕೊರತೆ ಎನ್ನುತ್ತಾರೆ. ಮಧ್ಯರಾತ್ರಿ ಬ್ಯಾಟರಿ ಮುಗಿದಾಗ ಅರ್ಧ ನಿಮಿಷದಲ್ಲಿ ಬದಲಿಸಿ ಆಟ ಮುಂದುವರಿಸಬಹುದಾದ್ದರಿಂದ ನಾನು ಒಪ್ಪುವುದಿಲ್ಲ. ರೀಚಾರ್ಜ್ ಮಾಡಬಹುದಾದ ನಾಲ್ಕು ಎಎ ಸೆಲ್ಲುಗಳನ್ನು ಒಮ್ಮೆ ಕೊಂಡಿಟ್ಟುಕೊಂಡರೆ ಸಾಕು.

ಈಗ ನಮ್ಮ ಮನೆಯಲ್ಲಿ ಕನ್ಸೋಲಿಗೆ ಎಕ್ಸ್‌ಬಾಕ್ಸ್ ನೆನಪು, ಫೋನಿಗೆ ಬ್ಲೂಟೂತ್ ನೆನಪು, ಲ್ಯಾಪ್‌ಟಾಪಿಗೆ ಕೇಬಲ್ ಎಂಬ ಏರ್ಪಾಡು ನಡೆದುಕೊಂಡು ಬಂದಿದೆ. ಐಪ್ಯಾಡಿನಲ್ಲಿ ಆಡಬೇಕೆನಿಸಿದ ಶನಿವಾರಗಳಲ್ಲಿ ಅಣ್ಣನ ಮಗಳು ತಾನೇ ಹಳೆಯ ಹೆಸರನ್ನು ಅಳಿಸಿ, ಪುಟ್ಟ ಗುಂಡಿಯನ್ನು ಒತ್ತಿ ಹಿಡಿದು, ಬೆಳಕು ಮಿನುಗುವುದನ್ನೇ ನೋಡುತ್ತಾ ಮೂರರವರೆಗೆ ಎಣಿಸುತ್ತಾಳೆ.